ಒಂಬತ್ತರ ತಾಳೆ

ಮಾರ್ಚ್ ೩, ಸೋಮವಾರ

ದೇವರ ಹೆಸರು ಹೇಳಿ ಶುರು ಮಾಡಿದ್ದೇನೆ. ಈ ಪುಸ್ತಕ ಡಾಕ್ಟರು ಹೇಳಿದರೆಂದು ತಂದದ್ದು. ರಕ್ತದೊತ್ತಡ ಏರಿದೆಯಂತೆ. ದಿನಾ ಮಾತ್ರೆ ನುಂಗಿದ್ದನ್ನು ಬರೆದಿಡಬೇಕಂತೆ, ತಲೆನೋವು ಬಂದರೆ ಅದನ್ನೂ, ಮನಸ್ಸಿಗೆ ಬೇಜಾರಾದರೆ ಅದನ್ನೂ. ಮೊದಲಿನ ಎರಡು ಸರಿ. ಮೂರನೆಯದಕ್ಕೆ ಇಷ್ಟು ತೆಳ್ಳಗಿನ ಪುಸ್ತಕ ಸಾಲುತ್ತದೆಯೇ ಎಂದು ಕೇಳಬೇಕಿತ್ತು.

ಮಾತ್ರೆ ಆಯಿತು. ತಲೆನೋವು ಸಂಜೆಗೆ ಸ್ವಲ್ಪ.

ಡಾಕ್ಟರು ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಕೋಣೆ ನನ್ನದು, ಹತ್ತೊಂಬತ್ತು ವರ್ಷದಿಂದ. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ಕಬ್ಬಿಣದ ಕಪಾಟು, ಕಪಾಟಿನ ತುಂಬ ಗುಂಡಿ ಡಬ್ಬಿ. ಎಷ್ಟು ಅಂಗಿ, ಅಂಗಿಗೆ ಎಷ್ಟು ಗುಂಡಿ ಎಂದು ಹೊಲಿಗೆ ಲೈನಿನಿಂದ ಚೀಟಿ ಬರುತ್ತದೆ. ನಾನು ಗುಣಿಸಿ, ಅಷ್ಟು ಗುಂಡಿ ಕೊಡಬೇಕು. ಇಂದು ತಿಂಗಳ ಎಣಿಕೆ. ಕಂದು ಗುಂಡಿ ೧೧೨ ಡಬ್ಬಿ, ಬಿಳಿ ಸಣ್ಣದು ೨೦೫, ಹಿತ್ತಾಳೆಯದು ೬೦, ಚಿಪ್ಪಿನದು ೪೩. ಡಬ್ಬಿಗೆ ಒಂದು ಗ್ರೋಸ್, ಅಂದರೆ ನೂರ ನಲವತ್ತನಾಲ್ಕು ಗುಂಡಿ. ಒಂದು ಚೀಟಿಯ ಮೇಲೆ ಗುಣಿಸಿ, ಕೋಣೆಯ ಲೆಕ್ಕದ ದೊಡ್ಡ ಪುಸ್ತಕಕ್ಕೆ ಗುಂಡಿಯ ಸಂಖ್ಯೆಯನ್ನು ಮಾತ್ರ ಏರಿಸಿ, ಚೀಟಿ ಹರಿದು ಹಾಕಿದೆ. ಚಿಪ್ಪಿನದು ೬೯೧೨. ಗುಣಾಕಾರ ತಪ್ಪಿದೆಯೇ ಎಂದು ಒಂಬತ್ತರ ತಾಳೆ ನೋಡಿದೆ, ಎಲ್ಲ ಸರಿ.

ಚಿಪ್ಪಿನ ಗುಂಡಿ ಮುಂದಿನ ತಿಂಗಳ ದೊಡ್ಡ ಆರ್ಡರಿಗೆ. ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. ಬಂದದ್ದರಲ್ಲಿ ಒಡೆದವನ್ನು ಆಗಾಗ ವಾಪಸ್ಸು ಕಳುಹಿಸಿದ್ದರಿಂದ ಉಳಿದದ್ದೆಷ್ಟು ಎನ್ನುವುದಕ್ಕೆ ನನ್ನ ದೊಡ್ಡ ಪುಸ್ತಕ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಸೂಪರ್‌ವೈಸರ್ ಹಾಗೆಂದು ಎಲ್ಲರ ಮುಂದೆ ಹೇಳಿದರು. ಕೇಳಿ ಹಿತವಾಯಿತು.

ನಾಳೆಯಿಂದ ನನಗೆ ಜೊತೆಗಾರ್ತಿ ಬರುತ್ತಾಳಂತೆ. ನಾನು ಕೇಳಿರಲಿಲ್ಲ.

ಮಾರ್ಚ್ ೪, ಮಂಗಳವಾರ

ಮಾತ್ರೆ ಆಯಿತು.

ಬಂದಳು. ಮೂವತ್ತೆರಡೋ ಮೂವತ್ತಮೂರೋ ಇರಬೇಕು. ಹನ್ನೊಂದು ವರ್ಷ ಇಟ್ಟಿಗೆ ಗೂಡಿನಲ್ಲಿ ಮಣ್ಣು ಕಲಸಿ, ಲಾರಿಗೆ ಇಟ್ಟಿಗೆ ಎಣಿಸಿ ಹಾಕಿಸುತ್ತಿದ್ದವಳಂತೆ. ಲೈನಿನ ಹುಡುಗಿಯರು ಮಧ್ಯಾಹ್ನದೊಳಗೆ ಅವಳಿಗೆ ‘ಇಟ್ಟಿಗೆ’ ಎಂದು ಹೆಸರಿಟ್ಟಾಯಿತು. ನನ್ನನ್ನು ‘ಗುಂಡಕ್ಕ’ ಅನ್ನುತ್ತಾರೆ. ಗುಂಡಿ ಕಾಯುವುದಕ್ಕೆ ಅನ್ನುತ್ತಾರೋ ಮೈ ನೋಡಿ ಅನ್ನುತ್ತಾರೋ, ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ಬೆಳಿಗ್ಗೆ ಮೊದಲ ಚೀಟಿ: ೫೭೨ ಅಂಗಿ, ಅಂಗಿಗೆ ಹನ್ನೊಂದು ಗುಂಡಿ. ನಾನು ಪೆನ್ನಿನ ಕ್ಯಾಪು ತೆಗೆಯುತ್ತಿದ್ದೇನೆ, ಇವಳು ಕಪಾಟು ಒರೆಸುತ್ತಾ ಬೆನ್ನು ಹಾಕಿಕೊಂಡೇ, “ಆರು ಸಾವಿರದ ಇನ್ನೂರ ತೊಂಬತ್ತೆರಡು ಅಕ್ಕ” ಅಂದಳು.

ನಾನು ಗುಣಿಸಿದೆ. ೬೨೯೨.

“ಯಾರು ಹೇಳಿದ್ರು ನಿನಗೆ?” ಅಂದೆ.

“ಯಾರೂ ಇಲ್ಲ. ಹಾಗೇ ಬಂತು.”

ಹಾಗೇ ಬರುವುದಕ್ಕೆ ಅದೇನು ಸೀನೇ? ಚೀಟಿ ನನಗೆ ತಲುಪುವ ಮೊದಲೇ ಇವಳಿಗೆ ಯಾರೋ ಉತ್ತರ ಹೇಳಿದ್ದಾರೆ. ನನ್ನ ಜಾಗಕ್ಕೆ ಇವಳನ್ನು ತರುವ ಆಲೋಚನೆ ಇದ್ದರೂ ಇರಬಹುದು.

ಮಾರ್ಚ್ ೬, ಗುರುವಾರ

ಇನ್ನು ಈ ಪುಸ್ತಕ ಡಾಕ್ಟರಿಗೆ ತೋರಿಸುವುದಿಲ್ಲ. ಮಾತ್ರೆಯ ಲೆಕ್ಕ ಬಾಯಲ್ಲಿ ಹೇಳಿದರಾಯಿತು. (ಇಂದಿನದು ಆಯಿತು.)

ಮೂರು ದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೇನೆ. ಇವಳ ಹೆಬ್ಬೆರಳು ಸುಮ್ಮನಿರುವುದಿಲ್ಲ. ಉಳಿದ ಬೆರಳುಗಳ ಗಿಣ್ಣಿನ ಮೇಲೆ ಓಡಾಡುತ್ತಲೇ ಇರುತ್ತದೆ, ತುಟಿಯೂ ಅಲ್ಲಾಡುತ್ತದೆ. ದೇವರ ನಾಮ ಹೇಳುವಾಗ ನಾನೂ ಹಾಗೆಯೇ ಎಣಿಸುತ್ತೇನೆ. ಆದರೆ ದೇವರ ನಾಮ ಹೇಳುವವರು ಕೊನೆಯಲ್ಲಿ ಆರು ಸಾವಿರದ ಇನ್ನೂರ ತೊಂಬತ್ತೆರಡು ಅನ್ನುವುದಿಲ್ಲ. ಏನಾದರೂ ಮಂತ್ರವೋ ಮಾಟವೋ ಇರಬೇಕು.

ಅಥವಾ ಫೋನು. ಫೋನನ್ನು ಗೇಟಿನಲ್ಲಿ ಕೊಟ್ಟು ಬರಬೇಕು ಎನ್ನುವುದು ನಿಯಮ, ಆದರೆ ನಿಯಮ ಇರುವುದೇ ಮೀರುವವರಿಗೆ. ಅವಳು ನಲ್ಲಿಗೆ ಹೋದಾಗ ಚೀಲ ನೋಡಿದೆ. ಊಟದ ಡಬ್ಬಿಯನ್ನೂ ತೆಗೆದು ನೋಡಿದೆ. ಡಬ್ಬಿಯಲ್ಲಿ ಊಟ ಇತ್ತು. ಚೀಲದಲ್ಲಿ ಬಾಚಣಿಗೆ, ಒಬ್ಬ ಮುದುಕಿಯ ಸಣ್ಣ ಫೋಟೋ. ಬೇರೇನಿಲ್ಲ. ಹೀಗೆ ನೋಡಿದ್ದು ತಪ್ಪೆಂದು ಗೊತ್ತು, ದೇವರಿಗೆ ಹೇಳಿಕೊಂಡೆ. ಅವಳಿಗೆ ಹೇಳಲಿಲ್ಲ.

ಸಂಜೆ ಕೇಳಿಯೇಬಿಟ್ಟೆ. “ಕಾಗದ ಪೆನ್ನು ಯಾಕೆ ಮುಟ್ಟಲ್ಲ ನೀನು? ಬರೆಯೋಕೆ ಬರಲ್ವಾ?”

“ಬರುತ್ತೆ ಅಕ್ಕ. ಗೂಡಲ್ಲಿ ಕೈ ತುಂಬ ಹಸಿ ಮಣ್ಣು ಇರ್ತಿತ್ತು. ಕಾಗದ ಮುಟ್ಟಿದ್ರೆ ಕಾಗದವೂ ಇಟ್ಟಿಗೆ ಆಗೋದು. ಅದಕ್ಕೇ ತಲೇಲೇ ಮಾಡ್ಕೊಳ್ಳೋ ಅಭ್ಯಾಸ.”

ಉತ್ತರ ಚೆನ್ನಾಗಿತ್ತು. ಮೊದಲೇ ಯೋಚಿಸಿಟ್ಟುಕೊಂಡ ಹಾಗಿತ್ತು.

ಮಾರ್ಚ್ ೧೧, ಮಂಗಳವಾರ

ಇಂದು ಪರೀಕ್ಷೆ ಮಾಡಿದೆ. ಚೀಟಿಯಲ್ಲಿ ಇಲ್ಲದ ಲೆಕ್ಕ, ಯಾರೂ ಮೊದಲೇ ಹೇಳಿಕೊಟ್ಟಿರಲು ಸಾಧ್ಯವಿಲ್ಲದ್ದು.

“ತೊಂಬತ್ತೇಳು ಅಂಗಿ, ಅಂಗಿಗೆ ತೊಂಬತ್ತಾರು ಗುಂಡಿ. ಎಷ್ಟು?”

“ಅಂಗಿಗೆ ತೊಂಬತ್ತಾರಾ? ಸಾವಿರ ಕಾಲಿನ ಹುಳಕ್ಕೆ ಹೊಲಿಸ್ತಿದ್ದೀರಾ ಅಕ್ಕ?” ಎಂದು ನಕ್ಕಳು. ನಗುತ್ತಲೇ, “ಒಂಬತ್ತು ಸಾವಿರದ ಮುನ್ನೂರ ಹನ್ನೆರಡು” ಅಂದಳು.

ಗುಣಿಸಿ ನೋಡಿದೆ. ಸರಿ. ಒಂಬತ್ತರ ತಾಳೆ ನೋಡಿದೆ. ಅದೂ ಸರಿ.

“ಹೇಗೆ?”

“ತೊಂಬತ್ತೇಳು ನೂರಕ್ಕೆ ಮೂರು ಕಡಿಮೆ. ತೊಂಬತ್ತಾರು ನಾಲ್ಕು ಕಡಿಮೆ. ಮೂರೂ ನಾಲ್ಕೂ ಏಳು, ನೂರರಲ್ಲಿ ಏಳು ಹೋದ್ರೆ ತೊಂಬತ್ತಮೂರು, ಅದನ್ನ ಮುಂದೆ ಇಡಿ. ಮೂರ್ನಾಕ್ಲ ಹನ್ನೆರಡು, ಅದನ್ನ ಹಿಂದೆ ಇಡಿ. ಮುಗೀತು.”

“ಇದು ಯಾವ ಶಾಲೆಯ ಲೆಕ್ಕ?”

“ನಮ್ಮ ಗೂಡಿನ ಮುದುಕನೊಬ್ಬ ಹೇಳಿಕೊಟ್ಟದ್ದು. ನಿಮ್ಮ ಹನ್ನೊಂದರ ಚೀಟಿ ಇನ್ನೂ ಸುಲಭ. ಅಕ್ಕಪಕ್ಕದ ಅಂಕಿ ಕೂಡಿಸಿ ನಡುವೆ ತುರುಕೋದು. ಐದು, ಏಳು, ಎರಡು. ತುದೀಲಿ ಎರಡು. ಏಳೂ ಎರಡೂ ಒಂಬತ್ತು. ಐದೂ ಏಳೂ ಹನ್ನೆರಡು, ಎರಡು ಇಟ್ಟು ಒಂದು ಕೈಯಲ್ಲಿ. ಐದಕ್ಕೆ ಅದನ್ನ ಸೇರಿಸಿದ್ರೆ ಆರು.”

ನಮ್ಮ ಹಳ್ಳಿ ಶಾಲೆಯಲ್ಲಿ ಮೂವತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿದವಳು ನಾನು. ಹೀಗೆ ಮುಂದೆ ಇಡು, ಹಿಂದೆ ಇಡು, ನಡುವೆ ತುರುಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಬರುವಾಗ, ಎಲ್ಲಿ ತಪ್ಪುತ್ತದೆ ನೋಡೋಣ ಎಂದು ತೊಂಬತ್ತೆಂಟು ತೊಂಬತ್ತೈದಲ ಮಾಡಿದೆ. ೯೩೧೦. ತೊಂಬತ್ತನಾಲ್ಕು ತೊಂಬತ್ತಮೂರಲ ಮಾಡಿದೆ. ೮೭೪೨. ಮನೆಗೆ ಬಂದು ಬರೆದು ಗುಣಿಸಿದರೆ ಎರಡೂ ಸರಿ. ಒಂದಾದರೂ ತಪ್ಪಿದ್ದರೆ ನೆಮ್ಮದಿಯಾಗುತ್ತಿತ್ತು. ಪ್ರತಿ ಸಲ ಸರಿ ಬರುವುದೇ ನನಗೆ ಅನುಮಾನ.

ಮಾತ್ರೆ ಆಯಿತು.

ಮಾರ್ಚ್ ೧೪, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆ. ನರ್ಸು ಒತ್ತಡ ನೋಡಿ ಹೇಳಿದಳು, ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ೧೪೬ ಎಂದು ಬರೆದುಕೊಂಡೆ. ಅವಳು ಬಗ್ಗಿ ನೋಡಿ, “ಅಮ್ಮಾ, ನಾನು ಹೇಳಿದ್ದು ನೂರ ಅರವತ್ತನಾಲ್ಕು. ನೀವು ಬರೆಯೋವಾಗ ಇಳಿಸಿಬಿಟ್ರೆ ರಕ್ತ ಇಳಿಯುತ್ತಾ?” ಅಂದಳು. ಬಾಯಲ್ಲಿ ಒಂದು ಹೇಳುವುದು, ಆಮೇಲೆ ಇನ್ನೊಂದು. ಈಗಿನ ಹುಡುಗಿಯರಿಗೆ ಕೆಲಸದ ಮೇಲೆ ಗಮನವೇ ಇಲ್ಲ.

ವಾಪಸ್ಸು ಬರುವಾಗ ಮೂವತ್ತೇಳನೇ ನಂಬರಿನ ಬಸ್ಸು ಹತ್ತಿದೆ. ಅದು ಕೊನೆಗೆ ಎಲ್ಲೋ ಊರಾಚೆಯ ಡಿಪೋದಲ್ಲಿ ನಿಂತಿತು. ಕಂಡಕ್ಟರ್, “ಇದು ಎಪ್ಪತ್ತಮೂರು ಅಲ್ವಾ ತಾಯಿ” ಅಂದ. ನಾನು ಕಣ್ಣಾರೆ ನೋಡಿ ಹತ್ತಿದ್ದೇನೆ. ನಡುವೆ ಬೋರ್ಡು ಬದಲಾಯಿಸಿದ್ದಾರೆ.

ನಮ್ಮ ಯಜಮಾನರೂ ಬಸ್ಸು ಓಡಿಸುವವರೇ. ಅವರಿಗೆ ಹೇಳಿದರೆ, “ಹೌದು ಮತ್ತೆ, ನಿನ್ನೊಬ್ಬಳ ದಾರಿ ತಪ್ಪಿಸೋಕೆ ಡ್ರೈವರ್‌ಗಳೆಲ್ಲ ಸೇರಿ ಮೀಟಿಂಗ್ ಮಾಡಿದ್ದೀವಿ” ಅಂದರು. ಆಮೇಲೆ ನಾನು ಬರೆಯುವುದನ್ನು ನೋಡಿ, “ಆ ಪುಸ್ತಕ ಮಾತ್ರೆ ಬರೆಯೋಕೋ ಚಾಡಿ ಬರೆಯೋಕೋ?” ಅಂದರು.

ಮಾತ್ರೆ ಆಯಿತು.

ಮಾರ್ಚ್ ೨೦, ಗುರುವಾರ

ಇಂದು ಮಾತಿಗೆ ಮಾತು ಬೆಳೆಯಿತು.

ಒಂದು ಚೀಟಿಯ ಲೆಕ್ಕ ಮುಗಿಸಿ ನಾನು ಒಂಬತ್ತರ ತಾಳೆ ನೋಡುತ್ತಿದ್ದೆ. ನಮ್ಮ ಮೇಷ್ಟ್ರು ಕಲಿಸಿದ್ದು. ಸಂಖ್ಯೆಯ ಅಂಕಿಗಳನ್ನು ಕೂಡಿಸುತ್ತಾ ಹೋಗಬೇಕು, ಒಂದೇ ಅಂಕಿ ಉಳಿಯುವ ತನಕ. ೫೭೨ಕ್ಕೆ ಐದು ಉಳಿಯುತ್ತದೆ, ೧೧ಕ್ಕೆ ಎರಡು. ಐದೆರಡಲ ಹತ್ತು, ಅಂದರೆ ಒಂದು. ಉತ್ತರ ೬೨೯೨ರ ಅಂಕಿ ಕೂಡಿಸಿದರೂ ಒಂದೇ ಉಳಿಯಬೇಕು. ಉಳಿದರೆ ಲೆಕ್ಕ ಸರಿ. ಒಂಬತ್ತು ದೇವರ ಅಂಕಿ, ಅದು ಸುಳ್ಳು ಹೇಳುವುದಿಲ್ಲ ಎಂದು ಮೇಷ್ಟ್ರು ಎದೆ ಮುಟ್ಟಿ ಹೇಳುತ್ತಿದ್ದರು. ನಲವತ್ತು ವರ್ಷದಿಂದ ಹಾಗೆಯೇ ನಂಬಿದ್ದೇನೆ.

ಇವಳು ನೋಡುತ್ತಾ ನಿಂತಿದ್ದವಳು, “ಅದೊಂದನ್ನೇ ನಂಬಬೇಡಿ ಅಕ್ಕ. ಒಂಬತ್ತಕ್ಕೆ ಒಂದು ಕಣ್ಣು ಕಾಣಲ್ಲ” ಅಂದಳು.

“ಏನಂದೆ?”

“ಅಂಕಿ ಜಾಗ ಅದಲುಬದಲಾದ್ರೆ ಅದಕ್ಕೆ ಗೊತ್ತಾಗಲ್ಲ. ಇಪ್ಪತ್ತಾರು ಬರೆಯೋ ಕಡೆ ಅರವತ್ತೆರಡು ಬರೆದ್ರೂ ಕೂಡಿಸಿದ್ರೆ ಎಂಟೇ. ಗೂಡಲ್ಲಿ ನಾನೇ ಒಂದು ಸಲ ಹಾಗೆ ಎಡವಿದೆ. ಅವತ್ತಿಂದ ಹನ್ನೊಂದರ ತಾಳೆಯನ್ನೂ ನೋಡ್ತೀನಿ. ಒಂದು ಅಂಕಿ ಕೂಡಿಸೋದು, ಮುಂದಿನದು ಕಳೆಯೋದು. ಜಾಗ ಬದಲಾದ್ರೆ ಅದು ಹಿಡಿದುಕೊಡುತ್ತೆ.”

“ನಮ್ಮ ಮೇಷ್ಟ್ರಿಗಿಂತ ನಿನ್ನ ಇಟ್ಟಿಗೆ ಗೂಡು ದೊಡ್ಡದಾ?”

“ನಾನು ಹಾಗೆ ಹೇಳಲಿಲ್ಲ ಅಕ್ಕ.”

“ನಾನು ಅಂಕಿ ಅದಲುಬದಲು ಬರೆಯೋಳಲ್ಲ.”

ಅವಳು ಡಬ್ಬಿ ಜೋಡಿಸಲು ಹೋದಳು. ಒಂಬತ್ತನ್ನು ನಂಬಬೇಡ ಎನ್ನುವವಳು ಏನನ್ನೋ ಮುಚ್ಚಿಡಲು ಹೊರಟವಳು. ಇಲ್ಲದಿದ್ದರೆ ನನ್ನ ಪುಸ್ತಕದ ಮೇಲೆ ಈಗಲೇ ಯಾಕೆ ಮಾತು ತೆಗೆಯಬೇಕು?

ತಲೆನೋವು. ಮಾತ್ರೆ ಆಯಿತು.

ಮಾರ್ಚ್ ೨೬, ಬುಧವಾರ

ಮಾತ್ರೆ ಆಯಿತು. ಇಪ್ಪತ್ತೈದರಿಂದ ಗುಣಿಸಬೇಕಾದರೆ ನಾಲ್ಕರಿಂದ ಭಾಗಿಸಿ ಎರಡು ಸೊನ್ನೆ ಹಾಕಿದರೆ ಸಾಕಂತೆ. ನಲವತ್ತೆಂಟು ಇಪ್ಪತ್ತೈದಲ, ಹನ್ನೆರಡು, ಸಾವಿರದ ಇನ್ನೂರು. ನಾನು ಕೇಳಿರಲಿಲ್ಲ, ಅವಳೇ ಹೇಳಿದಳು. ಇಷ್ಟು ಧಾರಾಳವಾಗಿ ಯಾಕೆ ಹೇಳಿಕೊಡುತ್ತಾಳೆ?

ಬಸ್ಸಿನಲ್ಲಿ ಟಿಕೆಟಿನ ನಂಬರುಗಳನ್ನೆಲ್ಲ ಹಾಗೆ ಮಾಡುತ್ತಾ ಕುಳಿತು ನಮ್ಮ ಸ್ಟಾಪು ದಾಟಿ ಹೋದೆ.

ಮಾರ್ಚ್ ೩೧, ಸೋಮವಾರ

ಮನೆ ತಲುಪುವವರೆಗೆ ತಡೆಯಲಾಗದೆ ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ತಿಂಗಳ ಎಣಿಕೆ ಇತ್ತು. ಕಂದು, ಬಿಳಿ, ಹಿತ್ತಾಳೆ ಎಲ್ಲ ಕೊಟ್ಟದ್ದು ಕಳೆದರೆ ಸರಿ ಹೊಂದಿತು. ಕೊನೆಗೆ ಚಿಪ್ಪಿನದು. ದೊಡ್ಡ ಪುಸ್ತಕದಲ್ಲಿ ೬೯೧೨ ಇದೆ ಎಂದು ನಾನು ಓದಿದೆ. ಅವಳು ಡಬ್ಬಿ ಎಣಿಸುತ್ತಿದ್ದವಳು ತಿರುಗಿ, “ಹಾಗಾದ್ರೆ ನಲವತ್ತೆಂಟು ಡಬ್ಬಿ ಇರ್ಬೇಕು. ಇಲ್ಲಿ ನಲವತ್ತಮೂರೇ ಇದೆ ಅಕ್ಕ. ಐದು ಕಮ್ಮಿ” ಅಂದಳು.

ನಾನು ಏಣಿ ಹತ್ತಿ ಎಣಿಸಿದೆ. ನಲವತ್ತಮೂರು. ಇಳಿದು ಕಪಾಟಿನ ಹಿಂದೆ ಕೈ ಹಾಕಿ ನೋಡಿದೆ. ದೂಳು.

ಒಂದೆರಡು ಗುಂಡಿ ಉದುರಿ ಹೋದದ್ದಲ್ಲ ಇದು. ಸರಿಯಾಗಿ ಐದು ಡಬ್ಬಿ, ಏಳುನೂರ ಇಪ್ಪತ್ತು ಗುಂಡಿ, ಕತ್ತರಿಸಿ ತೆಗೆದ ಹಾಗೆ. ಉದುರಿದ್ದು ಹೀಗೆ ಲೆಕ್ಕವಾಗಿ ಉದುರುವುದಿಲ್ಲ. ಯಾರೋ ಎತ್ತಿದ್ದಾರೆ. ಕೀಲಿಕೈ ಎರಡು, ಒಂದು ನನ್ನ ಸೆರಗಿನ ತುದಿಯಲ್ಲಿ, ಇನ್ನೊಂದು ಅವಳ ಹತ್ತಿರ.

೬೯೧೨ಕ್ಕೆ ಮತ್ತೆ ಒಂಬತ್ತರ ತಾಳೆ ನೋಡಿದೆ. ಸರಿ ಎಂದಿತು.

ಕಮ್ಮಿ ಎಂದು ಮೊದಲು ಬಾಯಿಬಿಟ್ಟವಳು ಅವಳೇ. ಕಳ್ಳಿಯಾದವಳು ತಾನೇ ಮೊದಲು ಹೇಳಿದರೆ ಯಾರೂ ಅನುಮಾನಿಸುವುದಿಲ್ಲ ಎಂದುಕೊಂಡಿರಬೇಕು. ನಾನು ಅನುಮಾನಿಸಿದೆ. ನೇರವಾಗಿ ಸೂಪರ್‌ವೈಸರ್ ಹತ್ತಿರ ಹೋದೆ.

ಏಪ್ರಿಲ್ ೧, ಮಂಗಳವಾರ

ಸೂಪರ್‌ವೈಸರ್ ಇಬ್ಬರನ್ನೂ ಕರೆದರು.

“ನಿಮ್ಮ ಪುಸ್ತಕ ತಪ್ಪಿರೋ ಸಾಧ್ಯತೆ ಇದೆಯಾ ಅಮ್ಮ?” ಎಂದು ನನ್ನನ್ನು ಕೇಳಿದರು.

“ತಾಳೆ ನೋಡಿದ್ದೀನಿ ಸಾರ್. ಹತ್ತೊಂಬತ್ತು ವರ್ಷದಲ್ಲಿ ಒಂದು ಗುಂಡಿ ಹೆಚ್ಚುಕಮ್ಮಿ ಆಗಿಲ್ಲ.”

ಅವಳು ಗೋಡೆಗೆ ಒರಗಿ ನಿಂತಿದ್ದಳು. ಹೆಬ್ಬೆರಳು ಗಿಣ್ಣಿನ ಮೇಲೆ ಓಡುತ್ತಿರಲಿಲ್ಲ. “ಅಕ್ಕ, ನೀವೇ ಹೇಳಿ ಸಾರ್‌ಗೆ. ನಾನು ತೆಗೆಯೋಳಲ್ಲ ಅಂತ ನಿಮಗೆ ಗೊತ್ತಲ್ಲ” ಅಂದಳು.

ನಾನು ಹೇಳಿದೆ, “ಪುಸ್ತಕದಲ್ಲಿ ಇದ್ದದ್ದನ್ನ ಹೇಳಿದ್ದೀನಿ. ಮನುಷ್ಯರ ವಿಷಯ ದೇವರು ನೋಡ್ಕೊಳ್ತಾನೆ.”

ಆ ಮಾತು ಬಾಯಿಂದ ಬಂದಾಗ ಸರಿಯಾಗಿಯೇ ಕೇಳಿಸಿತು.

ಸೋಮವಾರದವರೆಗೆ ಅವಳು ಬರುವ ಹಾಗಿಲ್ಲ. ಅಷ್ಟರಲ್ಲಿ ಡಬ್ಬಿ ಸಿಗದಿದ್ದರೆ ಕೆಲಸದ ಕಾರ್ಡಿನ ಮೇಲೆ ಕಳವು ಎಂದು ಬರೆದು ಕಳುಹಿಸುತ್ತಾರಂತೆ. ಹಾಗೆ ಬರೆಸಿಕೊಂಡವರನ್ನು ಯಾವ ಕಾರ್ಖಾನೆಯೂ ಗೇಟಿನೊಳಗೆ ಬಿಡುವುದಿಲ್ಲ. ಅವಳು ಕೀಲಿಕೈಯನ್ನು ಮೇಜಿನ ಮೇಲಿಟ್ಟು, “ನೆರಳಲ್ಲಿ ಕೂತು ಮಾಡೋ ಕೆಲಸ ಸಿಕ್ತು ಅಂತ ನಮ್ಮಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ಲು” ಅಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ, ಸೂಪರ್‌ವೈಸರ್ ಕಾಗದ ನೋಡುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

ಫೋಟೋದ ಮುದುಕಿ ತಾಯಿ ಇರಬೇಕು.

ಏಪ್ರಿಲ್ ೩, ಗುರುವಾರ

ಒಬ್ಬಳೇ. ಮೊದಲಿನ ಹಾಗೆ. ಇದನ್ನೇ ಅಲ್ಲವೇ ನಾನು ಬಯಸಿದ್ದು.

ಲೈನಿನ ಹುಡುಗಿಯರು ಚೀಟಿ ಹಿಡಿದು ಸಾಲಾಗಿ ನಿಂತು, “ಬೇಗ ಗುಂಡಕ್ಕ, ಇಟ್ಟಿಗೆ ಇದ್ದಾಗ ನಾವು ಬಾಗಿಲಿಗೆ ಬರೋದ್ರೊಳಗೆ ಉತ್ತರ ಆಚೆ ಬರ್ತಿತ್ತು” ಎಂದು ಛೇಡಿಸಿದರು. ಅದರಲ್ಲೊಬ್ಬಳು, “ನಿಜವಾಗ್ಲೂ ಅವಳೇ ಕದ್ದಿದ್ದಾ?” ಅಂದಳು. ನಿನ್ನ ಕೆಲಸ ನೋಡಿಕೋ ಅಂದೆ. ೪೩೬ ಹನ್ನೊಂದಲ, ೪೭೯೬. ೯೮ ಏಳಲ, ೬೮೬. ೬೪ ಇಪ್ಪತ್ತೈದಲ, ೧೬೦೦. ಕೊಟ್ಟು ಕಳುಹಿಸಿದೆ, ಕೊಟ್ಟು ಕಳುಹಿಸಿದೆ. ಊಟದ ಹೊತ್ತಿಗೆ ಸಾಲು ಕರಗಿತು.

ಸಂಜೆ ದೊಡ್ಡ ಪುಸ್ತಕ ಬರೆಯಲು ಕುಳಿತಾಗ ನೋಡಿದರೆ ಬೆಳಿಗ್ಗೆಯಿಂದ ಪೆನ್ನಿನ ಕ್ಯಾಪು ತೆಗೆದೇ ಇಲ್ಲ.

ಏಪ್ರಿಲ್ ೫, ಶನಿವಾರ

ದೇವರೇ.

ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದೆ. ನರ್ಸು ಬಂದು, ಒಂದು ತಿಂಗಳಲ್ಲಿ ಎಷ್ಟು ದಿನ ಮಾತ್ರೆ ತಪ್ಪಿಸಿದ್ದೀರಿ, ಡಾಕ್ಟರು ಕೇಳುತ್ತಾರೆ, ಲೆಕ್ಕ ಹೇಳಿ ಅಂದಳು. ಪುಸ್ತಕ ತೆಗೆದು ಮೊದಲ ಹಾಳೆಯಿಂದ ಎಣಿಸತೊಡಗಿದೆ. ಮಾರ್ಚ್ ಮೂರು, ಮಾತ್ರೆ ಆಯಿತು. ಅದರ ಕೆಳಗೆ ಕಂದು ಗುಂಡಿ ೧೧೨ ಡಬ್ಬಿ. ಹಿತ್ತಾಳೆಯದು ೬೦. ಚಿಪ್ಪಿನದು ೪೩.

ಚಿಪ್ಪಿನದು ೪೩.

ನಲವತ್ತೆಂಟು ಅಲ್ಲ. ನನ್ನದೇ ಕೈಬರಹ, ಅವಳು ಕೆಲಸಕ್ಕೆ ಬರುವ ಹಿಂದಿನ ದಿನ.

ಕಣ್ಣು ಅಂಕಿಯ ಮೇಲಿತ್ತು, ತಲೆ ತಾನಾಗಿಯೇ ಓಡಿತು. ಡಬ್ಬಿಗೆ ನೂರ ನಲವತ್ತನಾಲ್ಕು. ನಲವತ್ತಮೂರು ನೂರಲ ನಾಲ್ಕು ಸಾವಿರದ ಮುನ್ನೂರು. ಉಳಿದ ನಲವತ್ತನಾಲ್ಕು ಅಂದರೆ ನಾಲ್ಕು ಹನ್ನೊಂದಲ. ನಲವತ್ತಮೂರು ನಾಲ್ಕಲ ನೂರ ಎಪ್ಪತ್ತೆರಡು, ಅದಕ್ಕೆ ಹನ್ನೊಂದು: ತುದಿಯಲ್ಲಿ ಎರಡು, ಏಳೂ ಎರಡೂ ಒಂಬತ್ತು, ಒಂದೂ ಏಳೂ ಎಂಟು, ಮುಂದೆ ಒಂದು. ಸಾವಿರದ ಎಂಟುನೂರ ತೊಂಬತ್ತೆರಡು. ಎರಡೂ ಸೇರಿದರೆ 

೬೧೯೨.

ಪುಸ್ತಕದಲ್ಲಿ ೬೯೧೨.

ಒಂಬತ್ತೂ ಒಂದೂ ಜಾಗ ಬದಲಾಯಿಸಿವೆ. ಚೀಟಿಯಿಂದ ಪುಸ್ತಕಕ್ಕೆ ಏರಿಸುವಾಗ ಬದಲಾಯಿಸಿದವಳು ನಾನು. ಕೂಡಿಸಿದರೆ ಎರಡಕ್ಕೂ ಹದಿನೆಂಟೇ, ಎರಡಕ್ಕೂ ಒಂಬತ್ತೇ. ಒಂಬತ್ತು ಸುಳ್ಳು ಹೇಳಲಿಲ್ಲ, ಅದಕ್ಕೆ ಕಾಣಲಿಲ್ಲ. ತಿಂಗಳ ಎಣಿಕೆಗೆ ಹನ್ನೊಂದು ದಿನ ಮೊದಲೇ ಅವಳು ಹೇಳಿದ್ದಳು, ನಾನು ಮೇಷ್ಟ್ರನ್ನು ಅಡ್ಡ ತಂದೆ.

ನರ್ಸು, “ಯಾಕಮ್ಮಾ, ಮೈ ಬೆವರಿದೆ” ಎಂದಳು. ಹಿಂದಿನ ಹಾಳೆ ತಿರುಗಿಸಿದೆ. ಅಲ್ಲಿ ೧೪೬ ಕುಳಿತಿತ್ತು. ಅವಳು ಹೇಳಿದ್ದು ನೂರ ಅರವತ್ತನಾಲ್ಕು ಎಂದೇ ಇರಬೇಕು. ಬಸ್ಸಿನ ಬೋರ್ಡನ್ನೂ ಯಾರೂ ಬದಲಾಯಿಸಿರಲಿಲ್ಲ.

ಏಪ್ರಿಲ್ ೬, ಭಾನುವಾರ

ಯಾರಿಗೂ ಗೊತ್ತಿಲ್ಲ. ಮಾರ್ಚ್ ಮೂರರ ಹಾಳೆ ಒಂದು ಹೋದರೆ ಗೊತ್ತಾಗುವುದೂ ಇಲ್ಲ. ಅವಳಿಗಾದರೆ ಗೂಡಿನಲ್ಲಿ ಮತ್ತೆ ಕೆಲಸ ಸಿಕ್ಕೀತು, ನನಗೆ ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ ಎಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದೇನೆ. ದೇವರ ಮುಂದೆ ಕುಳಿತೆ. ದೇವರೂ ಸುಮ್ಮನಿದ್ದಾನೆ. ನಾನೇ ಅವತ್ತು ಅವನ ಮೇಲೆ ಹಾಕಿ ಬಂದಿದ್ದೆನಲ್ಲ, ಮನುಷ್ಯರ ವಿಷಯ ನೀನು ನೋಡಿಕೋ ಎಂದು.

ಹಾಳೆಯ ಅಂಚನ್ನು ಎರಡು ಬೆರಳಿನಷ್ಟು ಹರಿದೆ. ಮುಂದಕ್ಕೆ ಕೈ ಹೋಗಲಿಲ್ಲ. ಅಂಟು ಹಾಕಿದ್ದೇನೆ.

ಏಪ್ರಿಲ್ ೭, ಸೋಮವಾರ

ಸೂಪರ್‌ವೈಸರ್ ಬಾಗಿಲು ತೆಗೆಯುವ ಮೊದಲೇ ನಿಂತಿದ್ದೆ. ಹೇಳಿದೆ. ಅವರು ದೊಡ್ಡ ಪುಸ್ತಕ ತರಿಸಿದರು, ನನ್ನ ಪುಸ್ತಕ ಪಕ್ಕದಲ್ಲಿಟ್ಟರು, ಫೋನಿನಲ್ಲಿ ಗುಣಿಸಿದರು. ೬೧೯೨. ಮತ್ತೆ ಗುಣಿಸಿದರು. ಫೋನಿಗೂ ಬೇರೆ ಉತ್ತರ ಗೊತ್ತಿರಲಿಲ್ಲ.

“ಈ ಹಾಳೆ ಅವತ್ತೇ ಬರೆದದ್ದು ಅಂತ ಏನು ಗ್ಯಾರಂಟಿ ಅಮ್ಮ? ನಿನ್ನೆ ಕೂತು ಅವಳ ಪರವಾಗಿ ಬರೆದಿರಬಹುದಲ್ಲ?”

“ಮುಂದಿನ ಹಾಳೆ ಓದಿ ಸಾರ್. ಅವಳ ಪರವಾಗಿ ಬರೆಯೋಳು ಹಾಗೆ ಬರೀತಾಳಾ?”

ಅವರು ಓದಿದರು. ಓದುತ್ತಾ ಓದುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. ಇವತ್ತು ಕಾರ್ಡು ತೆಗೆದುಕೊಂಡು ಹೋಗಲು ಅವಳು ಗೇಟಿನಲ್ಲಿ ಬಂದು ಕುಳಿತಿದ್ದಳು, ಕರೆಸಿದರು. ಆರು ದಿನಕ್ಕೆ ಮುಖ ಬಾಡಿತ್ತು.

ಸೂಪರ್‌ವೈಸರ್ ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನು. ಹೇಳುವ ಬದಲು ಪುಸ್ತಕವನ್ನೇ ಅವಳ ಕೈಗೆ ಕೊಟ್ಟೆ.

ನಿಂತೇ ಓದಿದಳು. ಮೊದಲ ಹಾಳೆಯಲ್ಲಿ ಹೆಬ್ಬೆರಳು ಎರಡು ಸಲ ಗಿಣ್ಣಿನ ಮೇಲೆ ಓಡಿತು, ನಿಂತಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಒಂದೊಂದೇ ಹಾಳೆ ತಿರುಗಿಸಿದಳು.

“ಮಂತ್ರ ಅಂತ ಬರೆದಿದ್ದೀರಾ” ಅಂದಳು.

ಕೆಳಗಿನ ಸಾಲಿಗೆ ಬಂದು, “ನನ್ನ ಊಟದ ಡಬ್ಬಿ ತೆಗೆದು ನೋಡಿದ್ರಾ.”

“ನೋಡಿದೆ.”

“ಕೇಳಿದ್ರೆ ನಾನೇ ತೆಗೆದು ತೋರಿಸ್ತಿದ್ದೆ. ಪಕ್ಕದಲ್ಲಿ ಕೂತು ಊಟಾನೂ ಮಾಡಬಹುದಿತ್ತು.”

ಕಳ್ಳಿ ಎಂದು ಬರೆದ ಹಾಳೆಯನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದಳು. ನಾನು ತಪ್ಪಾಯಿತು ಅಂದೆ. ಅವಳು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಸೂಪರ್‌ವೈಸರ್ ಕಡೆ ತಿರುಗಿ, “ಇವತ್ತಿಂದಾನೇ ಬರ್ಲಾ ಸಾರ್, ನಾಳೆಯಿಂದಾನಾ?” ಅಂದಳು.

ಇವತ್ತಿನಿಂದಲೇ. ಕಾರ್ಡಿನ ಮೇಲೆ ಏನೂ ಬರೆಯಲಿಲ್ಲ. ದೊಡ್ಡ ಪುಸ್ತಕ ಬರೆಯುವ ಕೆಲಸ ಇನ್ನು ಅವಳದು, ನಾನು ಡಬ್ಬಿ ಎಣಿಸಿ ಹೇಳಬೇಕು. ನನಗೆ ಕೆಲಸ ಉಳಿಯಿತು, ಪೆನ್ನು ಹೋಯಿತು. ಸರಿಯಾಗಿಯೇ ಇದೆ.

ಯಜಮಾನರಿಗೆ ಎಲ್ಲ ಹೇಳಿದೆ. ಛೇಡಿಸುತ್ತಾರೆ ಎಂದುಕೊಂಡಿದ್ದೆ. ಎದ್ದು ಹೋಗಿ ಮಾತ್ರೆಯನ್ನೂ ನೀರನ್ನೂ ತಂದಿಟ್ಟರು.

ಏಪ್ರಿಲ್ ೧೨, ಶನಿವಾರ

ಒತ್ತಡ ೧೫೨. ಬರೆದು ನರ್ಸಿಗೆ ತೋರಿಸಿ, ಸರಿಯಾಗಿದೆಯಾ ನೋಡಮ್ಮ ಅಂದೆ. ನೋಡಿ ತಲೆಯಾಡಿಸಿದಳು. ಕನ್ನಡಕಕ್ಕೂ ಬರೆಸಿಕೊಂಡೆ.

ಅವಳು ಈಗ ನನ್ನನ್ನು ಮೇಡಂ ಅನ್ನುತ್ತಾಳೆ. ಕಂದು ಎಷ್ಟು ಮೇಡಂ. ಏಣಿ ಹಿಡೀಲಾ ಮೇಡಂ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಒರಟಿಲ್ಲ. ಹೊಸ ಉಪಾಯ ಯಾವುದನ್ನೂ ಹೇಳಿಕೊಡುವುದಿಲ್ಲ. ಊಟಕ್ಕೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂರುತ್ತಾಳೆ, ಡಬ್ಬಿಯನ್ನು ಚೀಲದಲ್ಲಿ ಬಿಟ್ಟು ಹೋಗುವುದಿಲ್ಲ. ಚೀಲವನ್ನೂ ಬಿಡುವುದಿಲ್ಲ.

ಏಪ್ರಿಲ್ ೧೭, ಗುರುವಾರ

ಚಿಪ್ಪಿನ ಗುಂಡಿಯ ಆರ್ಡರು ಶುರುವಾಯಿತು. ೩೮೬ ಅಂಗಿ, ಅಂಗಿಗೆ ಹನ್ನೆರಡು. ಉತ್ತರ ಅವಳಿಗೂ ನನಗೂ ಒಟ್ಟಿಗೇ ಬಂತು. ಅವಳು ೪೬೩೨ ಎಂದು ಬರೆದು, ಹೆಬ್ಬೆರಳಿನಲ್ಲಿ ಹನ್ನೊಂದರ ತಾಳೆ ನೋಡಿಕೊಂಡಳು. ಆಮೇಲೆ ದೊಡ್ಡ ಪುಸ್ತಕವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದಳು.

“ಒಂಬತ್ತು ನೀವು ನೋಡಿ ಅಕ್ಕ.”

ನೋಡಿದೆ. ಸರಿಯಾಗಿತ್ತು. ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿ ಇನ್ನೊಮ್ಮೆ ನೋಡಿದೆ.

ಅಕ್ಕ ಅಂದಳು. ಹಳೆಯ ಅಭ್ಯಾಸಕ್ಕೆ ಬಾಯಿ ತಪ್ಪಿ ಬಂದಿರಬಹುದು. ಮಧ್ಯಾಹ್ನ ಮತ್ತೆ ಮೇಡಂ ಎಂದೇ ಅಂದಳು. ಒಂದು ಸಲ ಬಂದದ್ದನ್ನು ನಂಬಿ ಕೂರುವ ಹಾಗಿಲ್ಲ. ನಾಳೆ ಏನನ್ನುತ್ತಾಳೋ ನೋಡಬೇಕು. ಬೇಗ ಹೋಗುತ್ತೇನೆ.